ಮಾರ್ಲಿಸ್‌ಳ ಚೆಂಡಿನ ಮೈ

ಸೆಪ್ಟೆಂಬರ್ 14, ಬುಧವಾರ

ಬೌಲಿಂಗ್ ಲೀಗ್ ಶುರುವಾಯಿತು. ಬೇಸಿಗೆಯಿಡೀ ನೊಣ ಹೊಡೆಯುತ್ತಿದ್ದ ಕ್ರೌಸೆ ಬೌಲಿಂಗ್ ಮನೆಯ ಹನ್ನೆರಡು ಲೇನ್‌ಗಳೂ ಇಂದು ತುಂಬಿದ್ದವು. ಬಾರಿಗೂ ಶೌಚಾಲಯಕ್ಕೂ ನಡುವೆ ಇರುವ ನನ್ನ ಚೆಂಡು ರಿಪೇರಿ ಅಂಗಡಿಯ ಮುಂದೆ ಸಂಜೆಯಿಂದಲೇ ಜನ. ಒಬ್ಬನಿಗೆ ಹೆಬ್ಬೆರಳಿನ ತೂತು ಬಿಗಿ, ಇನ್ನೊಬ್ಬನಿಗೆ ಸಡಿಲ. ಮತ್ತೊಬ್ಬನ ಚೆಂಡು ಬೇಸಿಗೆಯೆಲ್ಲ ಕಾರಿನ ಡಿಕ್ಕಿಯಲ್ಲಿ ಬೆಂದು, ಲೇನಿನಿಂದ ಕುಡಿದಿದ್ದ ಎಣ್ಣೆಯನ್ನೆಲ್ಲ ಬೆವರಿನಂತೆ ಹೊರಗೆ ಬಿಟ್ಟಿತ್ತು.

ನಮ್ಮ ತಂಡದಲ್ಲಿ ಅದೇ ನಾಲ್ವರು. ಬಾರ್ ನೋಡಿಕೊಳ್ಳುವ ಬೆವ್, ಅವಳ ಗಂಡ ಡ್ವೇನ್, ನಾನು, ಮಾರ್ಲಿಸ್. ಮಾರ್ಲಿಸ್ ನನ್ನನ್ನು ಬಿಟ್ಟು ಹೋಗಿ ಒಂಬತ್ತು ವರ್ಷವಾಯಿತು. ಮನೆ ಬಿಟ್ಟಳು, ತಂಡ ಬಿಡಲಿಲ್ಲ. "ಗಂಡ ಬೇರೆ, ಲೀಗ್ ಬೇರೆ" ಎಂದು ಆಗ ಬೆವ್‌ಗೆ ಹೇಳಿದ್ದಳಂತೆ.

ಇವತ್ತು ಅವಳ ಚೆಂಡು ತಿರುಗಲೇ ಇಲ್ಲ. ಲೇನಿಗೆ ಸವರಿದ ಎಣ್ಣೆಯ ಮೇಲೆ ನೆಟ್ಟಗೆ ಜಾರಿಕೊಂಡು ಹೋಗಿ ಪಕ್ಕದ ಪಿನ್ನುಗಳನ್ನಷ್ಟೇ ಸವರಿ ಬಂತು. ಮೂರನೆಯ ಆಟ ಮುಗಿಸಿ ಅದನ್ನು ತಂದು ನನ್ನ ಮೇಜಿನ ಮೇಲೆ ಕುಕ್ಕಿದಳು.

"ಏನು ಮಾಡಿದೀಯೋ ಇದಕ್ಕೆ? ಕನ್ನಡಿ ಥರ ಹೊಳೀತಿದೆ. ಚೆಂಡು ಎಸೀಬೇಕೋ, ಇದ್ರಲ್ಲಿ ಮುಖ ನೋಡ್ಕೊಂಡು ತಲೆ ಬಾಚ್ಕೋಬೇಕೋ?"

"ಕಳೆದ ವರ್ಷ ಇಷ್ಟೇ ಹೊಳಪು ಇತ್ತು. ಆಗ ನೀನು ಮುತ್ತು ಕೊಡ್ತಿದ್ದೆ ಅದಕ್ಕೆ."

"ಚೆಂಡಿಗೆ ತಾನೇ."

ಹೊಳಪು ತೆಗೆದು ಎರಡು ಸಾವಿರ ನಂಬರಿನ ಪ್ಯಾಡಿನಲ್ಲಿ ಉಜ್ಜಿಕೊಟ್ಟೆ. ನಂಬರು ಇಳಿದಷ್ಟೂ ಪ್ಯಾಡು ಒರಟು. ಮೈ ಸ್ವಲ್ಪ ಒರಟಾದರೆ ಎಣ್ಣೆಯಲ್ಲೂ ಹಿಡಿತ ಸಿಗುತ್ತದೆ. ಅವಳ ಈಗಿನ ಗಂಡ ನಾರ್ಬರ್ಟ್, ನಿವೃತ್ತ ಭೂಗೋಳದ ಮೇಷ್ಟ್ರು, ಎಂದಿನಂತೆ ಹೊರಗೆ ಕಾರಿನಲ್ಲೇ ಕಾದಿದ್ದರು. ಒಳಗೆ ಬರುವವರಲ್ಲ. ಬರಲಿ ಎಂದು ನನಗೂ ಇಲ್ಲ.

ಅಕ್ಟೋಬರ್ 19, ಬುಧವಾರ

ಎರಡು ಸಾವಿರದ್ದು ಸಾಲಲಿಲ್ಲ, ಸಾವಿರದ್ದೂ ಸಾಲಲಿಲ್ಲ. ಇವತ್ತು ಐನೂರರ ಪ್ಯಾಡ್ ಹಾಕಿದೆ. ಅದಕ್ಕಿಂತ ಒರಟು ಮಾಡಿದರೆ ಚೆಂಡಲ್ಲ, ಬೀಸುವ ಕಲ್ಲು.

ಉಜ್ಜುವ ಮುಂಚೆ ಅದರ ಮೇಲಿನ ಎಣ್ಣೆಯ ಗೆರೆಗಳನ್ನು ನೋಡುತ್ತ ನಿಂತೆ. ಚೆಂಡು ಕೈಯಿಂದ ಹೇಗೆ ಹೊರಟಿತು, ಹೇಗೆ ಸುತ್ತಿತು ಎಂಬುದೆಲ್ಲ ಆ ಗೆರೆಗಳಲ್ಲಿರುತ್ತದೆ. ಮಾರ್ಲಿಸ್‌ಳ ಗೆರೆಗಳು ಬೆರಳಿನ ತೂತಿನ ಕಡೆಯಿಂದ ಹೊರಟು ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತಿದ್ದವು. ಇಷ್ಟು ವರ್ಷ ನೋಡಿದ್ದೇನೆ, ಕತ್ತಲಲ್ಲಿ ಕೈಗೆ ಕೊಟ್ಟರೂ ಇದು ಅವಳದೆಂದು ಹೇಳುತ್ತೇನೆ. ಈಗ ಗೆರೆಗಳೆಲ್ಲ ಒಂದರ ಮೇಲೊಂದು ಒತ್ತಿಕೊಂಡು ಹೆಬ್ಬೆರಳಿನ ಹತ್ತಿರ ಬಂದಿವೆ. ಬೇರೆ ಯಾರದೋ ಚೆಂಡಿನ ಹಾಗೆ.

"ಕೈ ಸೋಮಾರಿಯಾಗಿದೆ ನಿಂದು" ಎಂದೆ. "ಬೆರಳಲ್ಲಿ ಮೇಲೆತ್ತೋದೇ ಬಿಟ್ಟಿದೀಯ. ಮೇಷ್ಟ್ರ ಮನೇಲಿ ಪಾತ್ರೆ ತೊಳೆಯೋ ಯಂತ್ರ ಇದೆ ಅಂತ ಕಾಣುತ್ತೆ."

ನಕ್ಕಳು. ಬಲಗೈ ಚಾಚಿ ತೋರಿಸಿದಳು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮಾಂಸ ಇಳಿದು ಅಲ್ಲೊಂದು ಗುಳಿ.

"ವಯಸ್ಸಾಯ್ತು ಕಣೋ."

"ಅರವತ್ತೂ ಒಂದು ವಯಸ್ಸೇನೇ?"

ಐನೂರರ ಪ್ಯಾಡ್ ಕೆಲಸ ಮಾಡಬೇಕು.

ನವೆಂಬರ್ 23, ಬುಧವಾರ

ಮಾಡಿತು. ಕೊನೆಯ ಆಟದಲ್ಲಿ ಮಾರ್ಲಿಸ್ ಇನ್ನೂರು ಅಂಕ ದಾಟಿದಳು. ಒರಟು ಮೈಯ ಚೆಂಡು ಲೇನಿನ ನಡುವಿನಿಂದಲೇ ಮಗ್ಗುಲು ಬದಲಿಸಿ, ಕೊಟ್ಟಿಗೆಯ ದಾರಿ ಹಿಡಿದ ಹಸುವಿನಂತೆ ನೇರ ಪಿನ್ನುಗಳ ಮಡಿಲಿಗೆ ಹೋಗುತ್ತಿತ್ತು. ನಾಳೆ ಥ್ಯಾಂಕ್ಸ್‌ಗಿವಿಂಗ್ ಹಬ್ಬ, ಎಲ್ಲರೂ ಕುಡಿದ ಖುಷಿಯಲ್ಲಿದ್ದರು. ಅವಳು ಬಂದು ನನ್ನ ಕೆನ್ನೆಗೊಂದು ಮುತ್ತಿಟ್ಟಳು. "ಕೈ ಹೋದ್ರೆ ಹೋಗ್ಲಿ, ನಿನ್ನ ಪ್ಯಾಡ್ ಇದ್ರೆ ಸಾಕು" ಎಂದಳು. ಅವಳ ಬಾಯಿಂದ ಬ್ರಾಂಡಿಯ, ಚೆರಿಹಣ್ಣಿನ ವಾಸನೆ.

ಚೀಲ ಎತ್ತಿಕೊಂಡು ಹೋಗಲು ಮೇಷ್ಟ್ರು ಬಾಗಿಲವರೆಗೆ ಬಂದಿದ್ದರು. ಮೊದಲೆಲ್ಲ ಅವಳೇ ಹೊತ್ತುಕೊಳ್ಳುತ್ತಿದ್ದಳು. ಹೆಂಡತಿಯನ್ನು ಗಾಜಿನ ಬೊಂಬೆ ಮಾಡಿದ್ದಾರೆ.

ಜನವರಿ 11, ಬುಧವಾರ

ಅಂಗಡಿಯಲ್ಲಿ ಡ್ವೇನ್‌ನ ಚೆಂಡನ್ನು ಯಂತ್ರದ ಮೇಲೆ ತಿರುಗಿಸಿ ಉಜ್ಜುತ್ತಿದ್ದೆ. ಮಾರ್ಲಿಸ್ ಬಂದು ಸ್ಟೂಲಿನ ಮೇಲೆ ಕೂತಳು. ಏನೋ ಹೇಳಿದಳು. ಯಂತ್ರದ ಸದ್ದಿನಲ್ಲಿ ಕೇಳಲಿಲ್ಲ. "ಏನಂದೆ?" ಎಂದು ಕೂಗಿದೆ. ಮತ್ತೆ ಹೇಳಿದಳು. ಆಗಲೂ ಕೇಳಲಿಲ್ಲ. "ಜೋರಾಗಿ ಹೇಳೇ" ಎಂದೆ.

ಅವಳೇ ಎದ್ದು ಬಂದು ಸ್ವಿಚ್ ಆರಿಸಿದಳು. ಎರಡೂ ಕೈ ಬೇಕಾಯಿತು ಅದಕ್ಕೆ.

"ಮಿಲ್ವಾಕಿ ಆಸ್ಪತ್ರೇಲಿ ಎಲ್ಲಾ ಪರೀಕ್ಷೆ ಆಯ್ತು. ಎ.ಎಲ್.ಎಸ್. ಅಂತೆ. ಕೈಗೆ ಹೋಗೋ ನರ ಸಾಯ್ತಿದೆ. ಆಮೇಲೆ ಕಾಲಿಂದು. ಆಮೇಲೆ ಮಿಕ್ಕಿದ್ದೆಲ್ಲ."

"ಔಷಧಿ?"

"ಇಲ್ಲ."

ಚೆಂಡು ಇನ್ನೂ ತನ್ನಷ್ಟಕ್ಕೆ ನಿಧಾನವಾಗಿ ಸುತ್ತುತ್ತಿತ್ತು. ನಾನು ಅದನ್ನು ಕೈಯಿಟ್ಟು ನಿಲ್ಲಿಸಿದೆ. ಅವಳು ಮೂರು ಸಲ ಹೇಳಬೇಕಾಯಿತು.

"ಅಳಬೇಡ್ವೋ. ಆಟಕ್ಕೆ ಹೊತ್ತಾಯ್ತು" ಎಂದಳು.

ಆಡಿದೆವು. ಯಾರು ಎಷ್ಟು ಹೊಡೆದರೋ ನೆನಪಿಲ್ಲ.

ಜನವರಿ 13, ಶುಕ್ರವಾರ

ಅಂಗಡಿ ತೆರೆಯಲಿಲ್ಲ.

ಫೆಬ್ರವರಿ 15, ಬುಧವಾರ

ಕಾಲಿನಲ್ಲೂ ಶುರುವಾಗಿದೆ. ನಾಲ್ಕು ಹೆಜ್ಜೆಯ ಓಟ ಈಗ ನಡಿಗೆ. ವೇಗ ಬಿದ್ದುಹೋದ ಮೇಲೆ ಒರಟು ಮೈಯೇ ಶತ್ರುವಾಯಿತು. ಚೆಂಡು ಬೇಗ ನೆಲ ಕಚ್ಚುತ್ತದೆ, ಇದ್ದ ಬಲವನ್ನೆಲ್ಲ ದಾರಿಯಲ್ಲೇ ಖರ್ಚು ಮಾಡಿ, ಪಿನ್ನು ಮುಟ್ಟುವ ಹೊತ್ತಿಗೆ ಸುಸ್ತಾಗಿರುತ್ತದೆ. ಹಗುರವಾದ, ಹನ್ನೆರಡು ಪೌಂಡಿನ ಹೊಸ ಚೆಂಡಿಗೆ ತೂತು ಕೊರೆದು, ನಾಲ್ಕು ಸಾವಿರದ ಪ್ಯಾಡಿನವರೆಗೆ ಹೋಗಿ, ಮೇಲೆ ಪಾಲಿಶ್ ಕೊಟ್ಟೆ. ಈಗ ಜಾರಿಕೊಂಡು ಹೋಗಿ ಕೊನೆಯಲ್ಲಿ ತಿರುಗಬೇಕು.

ಇದನ್ನು ಮಾಡುತ್ತಿದ್ದಾಗ ಮೇಷ್ಟ್ರು ಅಂಗಡಿಯೊಳಗೆ ಬಂದರು. ಮೊದಲ ಸಲ. ಟೋಪಿ ಕೈಯಲ್ಲಿ ಹಿಡಿದುಕೊಂಡಿದ್ದರು. ಏನು ಮಾಡುತ್ತಿದ್ದೀರಿ ಎಂದು ಕೇಳಿದರು. ಒರಟು ಮೈ ಏಕೆ, ನುಣುಪು ಮೈ ಏಕೆ, ವೇಗ ಇಳಿದರೆ ಏನಾಗುತ್ತದೆ, ಎಲ್ಲ ವಿವರಿಸಿದೆ. ತಾಳ್ಮೆಯಿಂದ ಕೇಳಿಸಿಕೊಂಡರು.

"ಅರ್ಥ ಆಯ್ತು. ನಾನು ಬಂದಿದ್ದು ಬೇರೆ ವಿಷಯಕ್ಕೆ. ಮೊನ್ನೆ ಬಚ್ಚಲಲ್ಲಿ ಬಿದ್ದಳು. ಇಲ್ಲಿ ಚೆಂಡು ಹಿಡ್ಕೊಂಡು ಬಿದ್ರೆ ಏನು ಗತಿ? ಸಾಕು ಅಂತ ನೀವು ಒಂದ್ಮಾತು ಹೇಳಿ. ನೀವು ಹೇಳಿದ್ರೆ ಕೇಳ್ತಾಳೆ."

"ನನ್ನ ಮಾತು ಕೇಳೋ ಹಾಗಿದ್ರೆ ಅವಳು ಇವತ್ತೂ ನನ್ನ ಮನೇಲೇ ಇರ್ತಿದ್ಳು ಮೇಷ್ಟ್ರೇ."

ಅವರು ಟೋಪಿ ಹಾಕಿಕೊಂಡು ಹೋದರು. ನಿಲ್ಲಿಸಬೇಕಂತೆ. ಚೆಂಡಿನ ಮೈ ಸರಿಮಾಡಿದರೆ ಇನ್ನೊಂದು ಸೀಸನ್ ಆಡುತ್ತಾಳೆ. ಅವರಿಗೆ ಗೊತ್ತಿಲ್ಲ.

ಮಾರ್ಚ್ 29, ಬುಧವಾರ

ಬಿದ್ದಳು.

ಎರಡನೆಯ ಆಟ. ಚೆಂಡು ಕೈಬಿಡುವಾಗ ಎಡ ಮೊಣಕಾಲು ಮಡಿಚಿಕೊಂಡಿತು. ಗೆರೆ ದಾಟಿ ಲೇನಿನೊಳಗೆ, ಎಣ್ಣೆಯ ಮೇಲೆ, ಮುಖ ಅಡಿಯಾಗಿ. ಪಕ್ಕದ ಲೇನಿನವರೆಲ್ಲ ಆಟ ನಿಲ್ಲಿಸಿದರು. ಹೊರಗೆ ಕಾರಿನಲ್ಲಿದ್ದಾರೆ ಎಂದು ನಾನು ಅಂದುಕೊಂಡಿದ್ದ ಮೇಷ್ಟ್ರು ಹಿಂದಿನ ಬೆಂಚಿನಲ್ಲೇ ಇದ್ದರೆಂದು ಕಾಣುತ್ತದೆ, ಓಡಿಬಂದರು. ಹಿಮ ಕರಗಿ ಒದ್ದೆಯಾದ ದಪ್ಪ ಬೂಟು. ಜಾರುವ ಮರದ ನೆಲದ ಮೇಲೆ ಅವರ ಹೆಜ್ಜೆಗೊಂದು ನೀರಿನ ಗುರುತು.

ನಾನು ಕೂಗಿದ್ದು ಏನು ಗೊತ್ತೇ. "ಬೂಟು. ಬೂಟು ತೆಗೀರಿ."

ಇಡೀ ಕ್ರೌಸೆಗೆ ಕೇಳುವಂತೆ ಕೂಗಿದೆ. ಅವಳು ಎಣ್ಣೆಯಲ್ಲಿ ಬಿದ್ದಿದ್ದಾಳೆ, ನಾನು ನೆಲದ ಚಿಂತೆ ಮಾಡುತ್ತಿದ್ದೇನೆ. ಅವರು ತಿರುಗಿಯೂ ನೋಡಲಿಲ್ಲ. ಅವಳನ್ನು ಮಗುಚಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ತಮ್ಮ ತೋಳಿನಿಂದ ಅವಳ ಮುಖದ ಎಣ್ಣೆ ಒರೆಸಿದರು. ಅವಳಿಗೆ ಮೂಗಿನಲ್ಲಿ ರಕ್ತ.

"ಎಷ್ಟು ಬಿತ್ತು?" ಎಂದು ಕೇಳಿದಳು.

"ಏಳು" ಎಂದರು ಮೇಷ್ಟ್ರು. ಒಂಬತ್ತು ಬಿದ್ದಿತ್ತು. ಪಾಪ, ಅವರಿಗೆ ಎಣಿಸಲು ಎಲ್ಲಿ ಹೊತ್ತು.

ಏಪ್ರಿಲ್ 26, ಬುಧವಾರ

ಸೀಸನ್ ಮುಗಿಯಿತು. ಮಾರ್ಲಿಸ್ ಬರಲಿಲ್ಲ. ಬಾರದವರಿಗೆ ಅವರ ಸರಾಸರಿಗಿಂತ ಹತ್ತು ಕಡಿಮೆ ಬರೆದುಕೊಳ್ಳುತ್ತಾರೆ. ಹಾಗೆ ಬರೆದ ಅಂಕದಲ್ಲೂ ಅವಳು ಡ್ವೇನ್‌ಗಿಂತ ಮುಂದಿದ್ದಳು. ನಾವು ಯಾರೂ ಅವನನ್ನು ಗೇಲಿ ಮಾಡಲಿಲ್ಲ.

ಜೂನ್ 17, ಶನಿವಾರ

ಮಾರ್ಲಿಸ್‌ಳ ಗಾಲಿಕುರ್ಚಿಗೆಂದು ಅವರ ಮನೆಯ ಮುಂಬಾಗಿಲಿಗೆ ಮರದ ಇಳಿಜಾರು ಕಟ್ಟಬೇಕು, ಮೇಷ್ಟ್ರಿಂದ ಆಗುವುದಿಲ್ಲ ಎಂದು ಬೆವ್ ಹೇಳಿದಳು. ಹೋದೆ. ಮಾರ್ಲಿಸ್ ನನ್ನನ್ನು ಬಿಟ್ಟ ಮೇಲೆ ಆ ಬೀದಿಯಲ್ಲಿ ಕಾರು ಓಡಿಸಿಲ್ಲ. ಸುತ್ತಿಕೊಂಡು ಹೋಗುತ್ತಿದ್ದೆ.

ಮೇಷ್ಟ್ರು ಪುಸ್ತಕ ತೆಗೆದು ಇಟ್ಟುಕೊಂಡು ಎಷ್ಟು ಉದ್ದಕ್ಕೆ ಎಷ್ಟು ಎತ್ತರ ಎಂದು ಲೆಕ್ಕ ಹಾಕಿಟ್ಟಿದ್ದರು. ಲೆಕ್ಕ ಸರಿಯಾಗಿತ್ತು. ಮೊಳೆ ಹೊಡೆಯುವುದು ಬರುವುದಿಲ್ಲ. ಮಾರ್ಲಿಸ್ ಮರದ ನೆರಳಲ್ಲಿ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು. ಮಾತು ಸ್ವಲ್ಪ ತೊದಲುತ್ತದೆ.

"ಇಬ್ಬಿಬ್ಬರು ಗಂಡಂದಿರು. ಒಂದು ಹಲಗೆ ನೆಟ್ಟಗೆ ಕೂರಿಸೋಕೆ ಮಧ್ಯಾಹ್ನ ಆಯ್ತು. ಮೂರನೆಯವನ್ನ ನೋಡ್ಕೋಬೇಕಿತ್ತು."

"ಬಡಗಿನೇ ನೋಡ್ಕೋ ಈ ಸಲ" ಎಂದರು ಮೇಷ್ಟ್ರು.

ನನಗೆ ನಗು ಬಂತು. ಅವರು ತಮಾಷೆ ಮಾಡುತ್ತಾರೆಂದು ಗೊತ್ತಿರಲಿಲ್ಲ.

ಮಳೆ ಬಿದ್ದರೆ ಗಾಲಿ ಜಾರುತ್ತದೆಂದು ಬಣ್ಣಕ್ಕೆ ಮರಳು ಬೆರೆಸಿ ಬಳಿದೆ. ಕೈಹಿಡಿಯನ್ನು ಮಾತ್ರ ರೇಷ್ಮೆಯಾಗುವವರೆಗೆ ಉಜ್ಜಿದೆ. ಅವಳ ಕೈಚರ್ಮ ಈಗ ತೆಳು. ಊಟಕ್ಕೆ ಮೇಷ್ಟ್ರು ಬ್ರಾಟ್‌ವರ್ಸ್ಟ್ ಸಾಸೇಜ್ ಸುಟ್ಟರು. ಸುಟ್ಟರು ಎಂದರೆ ನಿಜಕ್ಕೂ ಸುಟ್ಟರು. ತಿಂದೆ. ಅವಳದನ್ನು ಸಣ್ಣಗೆ ಹೆಚ್ಚಿ, ಒಂದೊಂದೇ ತುಂಡು, ಅವಳು ನುಂಗುವವರೆಗೆ ಕಾದು ತಿನ್ನಿಸುತ್ತಿದ್ದರು. ತಾವು ಕೊನೆಯಲ್ಲಿ ತಣ್ಣಗಾದದ್ದನ್ನು ನಿಂತೇ ತಿಂದರು.

ಸೆಪ್ಟೆಂಬರ್ 13, ಬುಧವಾರ

ಲೀಗಿನ ಮೊದಲ ದಿನ ಮಾರ್ಲಿಸ್ ಗಾಲಿಕುರ್ಚಿಯಲ್ಲಿ ಕೂತು ಬಂದಳು. ಆಡುತ್ತೇನೆ ಎಂದಳು. ಹೇಗೆ ಎಂದೆ. ಗಲ್ಲ ಎತ್ತಿ ಮೂಲೆಯ ಕಡೆ ತೋರಿಸಿದಳು. ಅಲ್ಲಿ ಪುಟ್ಟ ಮಕ್ಕಳಿಗೆಂದು ಇಟ್ಟಿರುವ ಕಬ್ಬಿಣದ ಜಾರುಬಂಡೆ ಇದೆ. ನೆತ್ತಿಯ ಮೇಲೆ ಚೆಂಡಿಟ್ಟು ತಳ್ಳಿದರೆ ಅದೇ ಉರುಳಿಕೊಂಡು ಲೇನಿಗೆ ಇಳಿಯುತ್ತದೆ.

"ಅದು ಹುಟ್ಟುಹಬ್ಬದ ಮಕ್ಕಳಿಗೆ ಕಣೇ."

"ನಂದೂ ಹುಟ್ಟುಹಬ್ಬ ಅಂದ್ಕೋ."

"ನೀನು ಇನ್ನೂರು ಹೊಡೆದವಳು."

"ನೋಡೋ, ನಿಂಗೆ ನಾಚಿಕೆ ಆದ್ರೆ ಅಂಗಡೀಲಿ ಕೂತ್ಕೋ. ನಾರ್ಬರ್ಟ್ ತಳ್ತಾನೆ."

ತಂದು ನಿಲ್ಲಿಸಿದೆ. ಹತ್ತು ಪೌಂಡಿನ ಚೆಂಡನ್ನು ನೆತ್ತಿಗಿಟ್ಟೆ. ಅವಳು ಎಡ ಅಂಗೈಯ ಬುಡದಿಂದ ತಳ್ಳಿದಳು. ನಾಲ್ಕು ಪಿನ್ನು. ಬೆವ್ ಚಪ್ಪಾಳೆ ತಟ್ಟಿ ಬಾರಿನ ಹಿಂದೆ ಹೋಗಿ ಅತ್ತು ಬಂದಳು.

"ಇದಕ್ಕೆ ಎಷ್ಟರ ಪ್ಯಾಡ್ ಹಾಕ್ತೀಯ?" ಮಾರ್ಲಿಸ್ ನನ್ನನ್ನು ಕೇಳಿದಳು.

ಯೋಚಿಸುವವನಂತೆ ಚೆಂಡನ್ನು ತಿರುಗಿಸಿ ನೋಡಿದೆ. "ಎರಡು ಸಾವಿರ. ಹಗುರವಾಗಿ" ಎಂದೆ. ಅಂಗಡಿಗೆ ಹೋಗಿ ಉಜ್ಜಿ ತಂದೆ.

ಅವಳನ್ನು ಕಾರಿನೊಳಗೆ ಕೂರಿಸಿದ ಮೇಲೆ ಮೇಷ್ಟ್ರು ನನ್ನ ಹತ್ತಿರ ಬಂದರು. "ಒಂದು ಕೇಳ್ಲಾ? ಜಾರುಬಂಡೆಯಿಂದ ಇಳಿಯುವಾಗ್ಲೇ ಚೆಂಡು ನೆಟ್ಟಗೆ ಉರುಳ್ತಿರುತ್ತೆ. ತಿರುಗೋ ಪ್ರಶ್ನೆನೇ ಇಲ್ಲ. ಅಂದ್ಮೇಲೆ ಮೈ ಒರಟಿದ್ರೇನು, ನುಣುಪಿದ್ರೇನು?"

"ಏನೂ ವ್ಯತ್ಯಾಸ ಇಲ್ಲ."

"ಅವಳಿಗೆ ಹೇಳಬೇಡಿ."

"ಅವಳಿಗೆ ಗೊತ್ತು ಮೇಷ್ಟ್ರೇ. ನನಗಿಂತ ಚೆನ್ನಾಗಿ ಗೊತ್ತು."

ಅವರು ತಲೆಯಾಡಿಸಿದರು.

ನವೆಂಬರ್ 15, ಬುಧವಾರ

ಕೈ ಪೂರ್ತಿ ಹೋಯಿತು. ಈಗ ನಾನು ಜಾರುಬಂಡೆಯನ್ನು ಗುರಿಗೆ ಹೊಂದಿಸುತ್ತೇನೆ, ನಾರ್ಬರ್ಟ್ ಚೆಂಡು ತಳ್ಳುತ್ತಾನೆ. ಅವಳ ಮಾತು ನನಗೆ ಅರ್ಧ ತಿಳಿಯುತ್ತದೆ, ಅವನಿಗೆ ಎಲ್ಲ ತಿಳಿಯುತ್ತದೆ. "ಸ್ವಲ್ಪ ಎಡಕ್ಕಂತೆ", "ನಿನ್ನ ತಲೆ ಅಡ್ಡ ಬರ್ತಿದೆಯಂತೆ" ಎಂದು ಅವನು ನನಗೆ ಹೇಳುತ್ತಾನೆ. ಇವತ್ತು ಅವಳು ಉದ್ದಕ್ಕೆ ಏನೋ ಹೇಳಿದಳು. ಅವನು ಹೇಳಲು ಒಪ್ಪಲಿಲ್ಲ. ಕಿವಿ ಕೆಂಪಾಗಿತ್ತು. ಅವಳು ನಗುತ್ತಿದ್ದಳು, ಸದ್ದಿಲ್ಲದೆ, ಭುಜ ಕುಣಿಸಿ.

ಇನ್ನೆರಡು ದಿನ ಕಳೆದರೆ ಜಿಂಕೆ ಬೇಟೆಯ ಕಾಲ. ಡ್ವೇನ್ ಕರೆದ. ಈ ವರ್ಷ ಬರುವುದಿಲ್ಲ ಎಂದೆ. ಶನಿವಾರ ಅವಳಿಗೆ ಸ್ನಾನ ಮಾಡಿಸಲು ಎತ್ತುವವರು ಬೇಕು. ನಾರ್ಬರ್ಟ್‌ನ ಬೆನ್ನು ಹಿಡಿದುಕೊಂಡಿದೆ.

ಫೆಬ್ರವರಿ 14, ಬುಧವಾರ

ಮಾತು ಹೋದ ಮೇಲೆ ಕಣ್ಣು. ಎಡ ಎಂದರೆ ಎಡಕ್ಕೆ ನೋಡುತ್ತಾಳೆ, ಬಲ ಎಂದರೆ ಬಲಕ್ಕೆ. ಸಾಕು ಎಂದರೆ ರೆಪ್ಪೆ ಮುಚ್ಚುತ್ತಾಳೆ. ಮುಖಕ್ಕೆ ಉಸಿರಿನ ಮುಖವಾಡ. ಇವತ್ತು ಬೂದಿ ಬುಧವಾರ, ಹಣೆಯ ಮೇಲೆ ಬೂದಿಯ ಶಿಲುಬೆ, ನಾರ್ಬರ್ಟ್ ಬರುವ ದಾರಿಯಲ್ಲಿ ಚರ್ಚಿಗೆ ಕರೆದುಕೊಂಡು ಹೋಗಿದ್ದ.

ಕೊನೆಯ ಚೆಂಡಿಗೆ ಜಗಳವಾಯಿತು.

"ಎಡಕ್ಕೆ ಅಂದ್ಳು ಕಣಯ್ಯ" ಎಂದೆ.

"ಇಲ್ಲ ಕಣೋ, ಅದು ಬೆವ್‌ನ ನೋಡಿದ್ದು. ಸಾಕು ಅಂದ್ಳು. ರೆಪ್ಪೆ ಮುಚ್ಚಿದ್ಳು."

"ಅದು ಸುಮ್ನೆ ಮಿಟುಕಿಸಿದ್ದು."

"ಲಾಯ್ಡ್, ನಾನು ಹಗಲೂ ರಾತ್ರಿ ಆ ರೆಪ್ಪೆ ನೋಡ್ಕೊಂಡೇ ಕೂತಿರ್ತೀನಿ."

ಬಿಟ್ಟುಕೊಟ್ಟೆ. ಅವನು ತಳ್ಳಿದ. ಚೆಂಡು ಎಷ್ಟು ನಿಧಾನ ಹೋಯಿತೆಂದರೆ ಬಾರಿನಲ್ಲಿದ್ದವರೂ ಬಂದು ನೋಡುತ್ತ ನಿಂತರು. ಮುಂದಿನ ಪಿನ್ನನ್ನು ಮುಟ್ಟಿತು. ಅದು ಹಿಂದಿನದರ ಮೇಲೆ ಒರಗಿತು, ಅದು ಇನ್ನೊಂದರ ಮೇಲೆ. ಕಡೆಗೆ ಮೂಲೆಯದೊಂದು ಬಹಳ ಹೊತ್ತು ಅಲ್ಲಾಡಿ ಬಿತ್ತು. ಹತ್ತೂ.

ನಾವಿಬ್ಬರೂ ಅವಳ ಮುಖ ನೋಡಿದೆವು. ಅವಳು ಮೊದಲು ನಾರ್ಬರ್ಟ್‌ನನ್ನು ನೋಡಿದಳು. ಆಮೇಲೆ ನನ್ನನ್ನು. ಅದು ಸರಿ. ಹಾಗೇ ಇರಬೇಕು.

ಮಾರ್ಚ್ 21, ಬುಧವಾರ

ಇನ್ನು ಹೊರಗೆ ಕರೆದುಕೊಂಡು ಬರಲಾಗುವುದಿಲ್ಲ ಎಂದು ನರ್ಸ್ ಹೇಳಿದ್ದಾಳೆ. ಲೀಗಿಗೆ ಹೋಗದೆ ಅವರ ಮನೆಗೆ ಹೋದೆ. ನಾರ್ಬರ್ಟ್ ಸೋಫಾದಲ್ಲಿ ಬೂಟು ಸಮೇತ ನಿದ್ದೆ ಹೋಗಿದ್ದ. ಎಬ್ಬಿಸಲಿಲ್ಲ.

ಅವಳ ಹಾಸಿಗೆ ಪಕ್ಕದಲ್ಲಿ ಅಕ್ಷರದ ಹಲಗೆ ಇದೆ. ಸಾಲು ಸಾಲಾಗಿ ಬೆರಳಿಡುತ್ತ ಹೋಗಬೇಕು, ಬೇಕಾದ ಅಕ್ಷರ ಬಂದಾಗ ಅವಳು ರೆಪ್ಪೆ ಮುಚ್ಚುತ್ತಾಳೆ. ನನಗೇನೋ ಹೇಳಬೇಕೆಂದು ಹಲಗೆಯ ಕಡೆ ನೋಡಿದಳು. ಹಿಡಿದುಕೊಂಡೆ. ಹತ್ತೊಂಬತ್ತು ವರ್ಷ ಸಂಸಾರ ಮಾಡಿದವಳು, ಯಾಕೆ ಬಿಟ್ಟು ಹೋದೆ ಎಂದು ನಾನು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಈಗ ಹೇಳುತ್ತಾಳೆ ಎಂದುಕೊಂಡೆ. ಒಂದೊಂದೇ ಅಕ್ಷರ. ಸುಸ್ತಾಗಿ ನಡುವೆ ಕಣ್ಣು ಮುಚ್ಚಿ ಮಲಗಿದಳು, ಮತ್ತೆ ಶುರುಮಾಡಿದಳು. ಕೂಡಿಸಿ ಓದಿದೆ.

"ಕೈ ತೊಳಿ."

ನನ್ನ ಉಗುರಿನ ಸಂದಿಯಲ್ಲೆಲ್ಲ ಚೆಂಡು ಉಜ್ಜಿದ ಕಪ್ಪು ಕೆಸರು. ಮದುವೆಯಾದ ದಿನದಿಂದ ಇದೇ ಮಾತು. ಅವಳ ಕಣ್ಣು ನಗುತ್ತಿತ್ತು. ನಾನೂ ನಕ್ಕೆ. ನಗುತ್ತಲೇ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟೆ. ಆಮೇಲೆ ನಗು ಎಲ್ಲಿ ಹೋಯಿತೋ. ಸಿಂಕಿನ ಅಂಚು ಹಿಡಿದುಕೊಂಡು, ಅವಳಿಗೆ ಕೇಳಬಾರದೆಂದು ನೀರನ್ನು ಇನ್ನೂ ಜೋರಾಗಿ ಬಿಟ್ಟೆ.

ನಾರ್ಬರ್ಟ್ ಎದ್ದು ಬಂದಿದ್ದ. ಪಾತ್ರೆ ತೊಳೆಯುವ ಸಾಬೂನನ್ನು ನನ್ನ ಅಂಗೈಗೆ ಸುರಿದ, ಬ್ರಷ್ ಕೊಟ್ಟ. ನಾನು ಉಗುರು ಉಜ್ಜಿ ಮುಗಿಸುವವರೆಗೂ ಪಕ್ಕದಲ್ಲಿ ಟವೆಲ್ ಹಿಡಿದು ನಿಂತಿದ್ದ.

ಮೇ 8, ಮಂಗಳವಾರ

ಮಾರ್ಲಿಸ್ ಹೋದಳು. ಬೆಳಿಗ್ಗೆ. ನಾರ್ಬರ್ಟ್ ಫೋನ್ ಮಾಡಿ "ಬಾ" ಎಂದ, ಅಷ್ಟೇ.

ಮೇ 12, ಶನಿವಾರ

ಚರ್ಚಿನಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಮಾಜಿ ಗಂಡನಿಗೆ ಅದೇ ಜಾಗ. ನಾರ್ಬರ್ಟ್ ಮುಂದಿನ ಸಾಲಿನಿಂದ ಎದ್ದು, ಎಲ್ಲರೂ ನೋಡುತ್ತಿರುವಾಗ, ನಡುದಾರಿಯಲ್ಲಿ ಹಿಂದಕ್ಕೆ ನಡೆದು ಬಂದು ನನ್ನ ತೋಳು ಹಿಡಿದ. ಕರೆದುಕೊಂಡು ಹೋಗಿ ತನ್ನ ಪಕ್ಕದಲ್ಲಿ ಕೂರಿಸಿಕೊಂಡ. ಅವನ ಕೈ ಬಿಸಿಯಾಗಿತ್ತು, ಜ್ವರ ಬಂದವರ ಹಾಗೆ.

ಆಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಹ್ಯಾಮ್ ಇಟ್ಟ ಬನ್ನು, ಕಾಫಿ. ಡುಲೂತ್‌ನಿಂದ ಬಂದಿದ್ದ ಅವನ ತಂಗಿ ವರ್ನಾ ನನ್ನನ್ನು ತೋರಿಸಿ "ಇವರು ಯಾರು?" ಎಂದು ಕೇಳಿದಳು.

"ನಮ್ಮನೆಯವನೇ" ಎಂದ ನಾರ್ಬರ್ಟ್.

ಬನ್ನನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡೆ.

ಜುಲೈ 20, ಶುಕ್ರವಾರ

ಹೋಟೆಲಿನ ಶುಕ್ರವಾರದ ಮೀನೂಟಕ್ಕೆ ನಾರ್ಬರ್ಟ್ ಜತೆ ಹೋದೆ. ಮೂರು ತಟ್ಟೆ ಹೇಳಿಬಿಟ್ಟ. ಹುಡುಗಿ ಬರೆದುಕೊಂಡು ಹೋದಳು. ಇಬ್ಬರಿಗೂ ಆಮೇಲೆ ಗೊತ್ತಾಯಿತು. ವಾಪಸು ಕಳಿಸಲಿಲ್ಲ.

ಸೆಪ್ಟೆಂಬರ್ 5, ಬುಧವಾರ

ನಾರ್ಬರ್ಟ್ ಮನೆ ಮಾರುತ್ತಿದ್ದಾನೆ. ಡುಲೂತ್‌ಗೆ, ತಂಗಿಯ ಹತ್ತಿರ. ಇದನ್ನು ಹೇಳಲು ಅಂಗಡಿಗೆ ಬಂದಿದ್ದ. ಜತೆಗೆ ಮಾರ್ಲಿಸ್‌ಳ ಹನ್ನೆರಡು ಪೌಂಡಿನ ಚೆಂಡು.

"ಇದಕ್ಕೆ ನನ್ನ ಬೆರಳಿನ ತೂತು ಹಾಕ್ಕೊಡ್ತೀಯಾ? ಅಲ್ಲೂ ಒಂದು ಬೌಲಿಂಗ್ ಜಾಗ ಇದೆಯಂತೆ. ಬುಧವಾರ ಸಂಜೆ ಮನೇಲಿ ಕೂರೋಕಾಗಲ್ಲ ನನ್ಕೈಲಿ."

"ಅವಳ ತೂತು ತುಂಬಬೇಕಾಗುತ್ತೆ."

"ಗೊತ್ತು."

ಅವನ ಕೈ ಅಳತೆ ತೆಗೆದುಕೊಂಡೆ. ಬೆರಳು ಬೆರಳನ್ನೂ ಹಿಡಿದು, ಬಿಡಿಸಿ, ಗಂಟಿನಿಂದ ಗಂಟಿಗೆ. ಮೇಷ್ಟ್ರ ಕೈ, ಮೆತ್ತಗಿದೆ. ಅವನು ಹೋದ ಮೇಲೆ ಅಂಟು ಕಲಸಿದೆ. ಸುರಿಯುವ ಮುಂಚೆ ಅವಳ ಹೆಬ್ಬೆರಳಿನ ತೂತಿನಲ್ಲಿ ನನ್ನ ಬೆರಳಿಟ್ಟು ನೋಡಿದೆ. ಗಿಣ್ಣಿನವರೆಗೂ ಇಳಿಯಲಿಲ್ಲ. ಸುರಿದೆ. ಗಟ್ಟಿಯಾಗಲು ನಾಳೆಯಾಗಬೇಕು.

ಸೆಪ್ಟೆಂಬರ್ 8, ಶನಿವಾರ

ಮೈ ಹೇಗಿರಬೇಕು ಎಂಬುದು ಎಸೆಯುವವನ ಮೇಲೆ ನಿಂತಿದೆ. ನಾರ್ಬರ್ಟ್ ಹೇಗೆ ಎಸೆಯುತ್ತಾನೆಂದು ಯಾರಿಗೂ ಗೊತ್ತಿಲ್ಲ, ಅವನು ಎಸೆದೇ ಇಲ್ಲ. ಕ್ರೌಸೆ ತೆರೆಯುವ ಮುಂಚೆ ಕರೆದುಕೊಂಡು ಹೋದೆ. ಬಾಡಿಗೆ ಶೂ ಹಾಕಿಸಿದೆ. ಮೊದಲ ಚೆಂಡು ಲೇನಿನ ಬದಿಯ ಚರಂಡಿಗೆ. ಎರಡನೆಯದು ಪಕ್ಕದ ಲೇನಿನ ಚರಂಡಿಗೆ.

"ಭೂಗೋಳ ಹೇಳ್ಕೊಡ್ತಿದ್ದೋನು ನೀನು. ಗೋಳ ಎಲ್ಲಿಗೆ ಹೋಗುತ್ತೆ ಅಂತ ಗೊತ್ತಾಗಲ್ವಾ?"

"ನಮ್ಮ ಗೋಳ ಸ್ಟ್ಯಾಂಡಿನ ಮೇಲೆ ನಿಂತಿರ್ತಿತ್ತು ಕಣಯ್ಯ."

ಮಧ್ಯಾಹ್ನದವರೆಗೂ ಎಸೆದ. ಪಿನ್ನುಗಳ ಕಡೆ ನೋಡಲೇ ಇಲ್ಲ. ಎಸೆದ ಪ್ರತಿ ಸಲವೂ ತಿರುಗಿ ನನ್ನನ್ನು ನೋಡುತ್ತಿದ್ದ. ಸರಿಯಾಯಿತೇ ಎಂದು. ಸರಿಯಾಯಿತು ಎನ್ನುತ್ತಿದ್ದೆ. ಚೆಂಡಿನ ಮೇಲೆ ಅವನ ಎಣ್ಣೆಯ ಗೆರೆ 'ಇದೇ' ಎನ್ನುವಂತೆ ಎಲ್ಲೂ ನಿಲ್ಲಲಿಲ್ಲ, ಒಂದೊಂದು ಸಲ ಒಂದೊಂದು ಕಡೆ.

ಮೂರು ಸಾವಿರದ ಪ್ಯಾಡ್ ಹಾಕಿ ನಡುಮಧ್ಯದ ಹದಕ್ಕೆ ತಂದುಕೊಟ್ಟೆ.

ಸೆಪ್ಟೆಂಬರ್ 11, ಮಂಗಳವಾರ

ನಾರ್ಬರ್ಟ್ ಹೊರಟ. ಮರದ ಇಳಿಜಾರಿನ ಮೇಲಿಂದ ಪೆಟ್ಟಿಗೆಗಳನ್ನು ಉರುಳಿಸಿಕೊಂಡು ಇಳಿಸಿದೆವು, ಸಲೀಸಾಯಿತು. ಕೊನೆಗೆ ಚೆಂಡಿನ ಚೀಲವನ್ನು ಮುಂದಿನ ಸೀಟಿನಲ್ಲಿಟ್ಟು ಬೆಲ್ಟು ಬಿಗಿದ. "ಬೆನ್ನು ಹುಷಾರು" ಎಂದೆ. "ಕೈ ತೊಳ್ಕೊಂಡು ಊಟ ಮಾಡು" ಎಂದ.

ಮಧ್ಯಾಹ್ನ ಅಂಗಡಿ ತೆರೆದೆ. ನಾಳೆ ಲೀಗ್ ಶುರು, ಉಜ್ಜಲು ಚೆಂಡುಗಳು ಸಾಲಾಗಿ ಕೂತಿವೆ. ಎರಡು ಮುಗಿಸಿದೆ. ಮೂರನೆಯದನ್ನು ಯಂತ್ರಕ್ಕೆ ಏರಿಸಿ ಸುಮ್ಮನೆ ನಿಂತುಬಿಟ್ಟೆ.

ಡುಲೂತ್‌ನಲ್ಲಿ ಲೇನಿಗೆ ಎಣ್ಣೆ ಎಷ್ಟು ಉದ್ದ ಹಾಕುತ್ತಾರೋ ನಾನು ಕೇಳಲೇ ಇಲ್ಲ. ಅದು ತಿಳಿಯದೆ ಚೆಂಡಿನ ಮೈ ಹದ ಮಾಡಿ ಕೊಟ್ಟದ್ದು ತಪ್ಪು. ಬುಧವಾರ ಫೋನ್ ಮಾಡಿ ಕೇಳಬೇಕು. ಪ್ರತಿ ಬುಧವಾರವೂ ಕೇಳಬೇಕಾದೀತು, ಎಣ್ಣೆ ಬದಲಾಗುತ್ತಿರುತ್ತದೆ.